ಲಾವಣಿಯಲ್ಲಿ ಉಳಿದ ಅಳಲು

ದಪ್ಪು, ತುಂತುಣಿ, ತಾಳಗಳೊಡನೆ ಗೀಗೀ ಮೇಳದವರು ಕಿತ್ತೂರಿನ ಕಥೆಯನ್ನೆತ್ತಿಕೊಂಡರೆ, ಗೆಲುವಿನ ಪದಕ್ಕೂ ಕೇಳುವವರ ಕಣ್ಣು ಹನಿಗೂಡುವುದುಂಟು. ಮುಂದಿನದು ಎಲ್ಲರಿಗೂ ಗೊತ್ತು. 1824ರ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರಿನಲ್ಲಿ ಮಡಿದನು; ಡಿಸೆಂಬರದಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದೆಲ್ಲ ಹಣೆಬರಹವೆಂದು ಜನ ಸುಮ್ಮನಾಗಲಿಲ್ಲ. ರಾಯಣ್ಣ ಸೆರೆಸಿಕ್ಕಿದ್ದು ನಮ್ಮವರದೇ ಮೋಸದಿಂದ ಎಂಬುದನ್ನು ಹಾಡಿಕೆಯವರು ಮರೆಮಾಚದೆ ಹಾಡಿಕೊಂಡು ಬಂದಿದ್ದಾರೆ. ವಿಧಿಯ ಮೇಲೆ ಹಾಕಿಬಿಟ್ಟರೆ ನಮ್ಮ ತಪ್ಪು ನಮಗೆ ಕಾಣುವುದೆಂತು? ನಂದಗಡದಲ್ಲಿ ಆತನ ಸಮಾಧಿಯ ಬಳಿ ಒಂದು ಆಲದ ಮರವಿದೆ. ಮಕ್ಕಳಿಲ್ಲದವರು ಅದಕ್ಕೆ ಇಂದಿಗೂ ಪುಟ್ಟ ತೊಟ್ಟಿಲು ಕಟ್ಟಿ, ರಾಯಣ್ಣನಂಥ ಮಗನನ್ನು ಬೇಡಿಕೊಳ್ಳುತ್ತಾರೆ.