ನೀರು ಬಂದ ದಾರಿ, ಹೊಲಸು ಹೋದ ದಾರಿ

ಶಿರಸಿಯಿಂದ ಹೊರಟ ರಸ್ತೆ ಎಕ್ಕಂಬಿಯಲ್ಲಿ ಕವಲೊಡೆಯುತ್ತದೆ. ಒಂದು ಮುಂಡಗೋಡದ ಕಡೆಗೆ ತಿರುಗಿ ಹುಬ್ಬಳ್ಳಿ ಸೇರುತ್ತದೆ, ಇನ್ನೊಂದು ಹಾವೇರಿಗೆ ಹೋಗುತ್ತದೆ. ಅಡಿಕೆ ತೋಟಗಳು ಹಿಂದೆ ಬಿದ್ದು ಬಯಲುಸೀಮೆಯ ಗಾಳಿ ಮುಖಕ್ಕೆ ತಾಗುವುದು ಇಲ್ಲಿಂದಲೇ. ಈ ಕೂಡುರಸ್ತೆಯ ಸುತ್ತಮುತ್ತಲಿನವರು ಹುಬ್ಬಳ್ಳಿಗೆ ಮಗಳನ್ನು ಕೊಡುವಾಗ ಹುಡುಗನ ಸಂಬಳ ಕೇಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮ ಓಣಿಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ?" ಬಾವಿಯಿಂದ ಸೇದಿ ಹಂಡೆ ತುಂಬಿಸಿ ಬೆಳೆದ ಹುಡುಗಿ, ಎಂಟು ದಿನಕ್ಕೊಮ್ಮೆ ಬರುವ ನೀರಿಗೆ ನಡುರಾತ್ರಿ ಎದ್ದು ಕೊಡ ಸಾಲಿಟ್ಟು ಕೂರಬೇಕೇ ಎಂಬ ಆತಂಕ ತಾಯಂದಿರದು.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಸಾಗಿಸುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಕೇಳುವ ಅಗತ್ಯವೂ ಇರಲಿಲ್ಲವೆನ್ನಿ. ಬಚ್ಚಲ ನೀರು ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು. ಉಳಿದದ್ದಕ್ಕೆ ಬೆಟ್ಟವಿತ್ತು, ಪೊದೆಯಿತ್ತು. ಪೇಟೆ ಎಂದು ಕರೆಸಿಕೊಂಡ ಊರುಗಳ ಕಥೆ ಬೇರೆ.

ಆ ಕಥೆಯ ಒಂದು ಅರ್ಧವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬಿಜಾಪುರ ನೋಡಲು ಹೋದವರು ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬರುತ್ತಾರೆ. ಊರಿನೊಳಗೆ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಕಲ್ಲಿನ ಗೋಪುರಗಳ ಕಡೆ ತಿರುಗಿ ನೋಡುವವರು ಕಡಿಮೆ. ಅವುಗಳಿಗೆ 'ಗಂಜ್' ಎಂದು ಹೆಸರು. ಪಶ್ಚಿಮದ ತೊರವಿಯಿಂದಲೂ, 1651ರ ಸುಮಾರಿಗೆ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ದಕ್ಷಿಣದ ಬೇಗಂ ತಲಾಬಿನಿಂದಲೂ ನೀರು ಇಳಿಜಾರಿನ ಬಲದಿಂದಲೇ ನಗರಕ್ಕೆ ಬರುತ್ತಿತ್ತು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಸುತ್ತ ಗಾರೆ ಹಾಕಿ ಭದ್ರಪಡಿಸಿದ್ದರು. ಮಣ್ಣಿನ ಕೊಳವೆ ಎಷ್ಟೆಂದು ಒತ್ತಡ ತಡೆದೀತು? ಅದಕ್ಕೇ ನಡುನಡುವೆ ಈ ಗಂಜ್‌ಗಳು. ನೀರು ಗೋಪುರದೊಳಗೆ ಏರಿ ನಿಂತು, ಒತ್ತಡ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ತಳದಲ್ಲಿ ಬಿಟ್ಟು ಮುಂದೆ ಸಾಗುತ್ತಿತ್ತು. ಅರಮನೆಗೆ, ಹೌಝುಗಳಿಗೆ, ಓಣಿಗಳಿಗೆ ಹೀಗೆ ನೀರು ಹಂಚಿಕೆಯಾಗುತ್ತಿತ್ತು. ಜೊತೆಗೆ ಚಾಂದ್ ಬಾವಡಿ, 1620ರ ತಾಜ್ ಬಾವಡಿಯಂತಹ ಬೃಹತ್ ಬಾವಿಗಳು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ನೆಲದಡಿಯ ಆ ಸುರಂಗದ ಹೂಳು ತೆಗೆದು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಬೆಳಕಿಗೆ ತಂದಿದ್ದಾರೆ. ಪರ್ಶಿಯಾದ ವಿದ್ಯೆ ದಖ್ಖನಿನ ಜಂಬಿಟ್ಟಿಗೆಯಲ್ಲಿ ಇಳಿದ ಪರಿ ಅದು.

ಆದರೆ ನಾವು ಓದಿದ ಪುಸ್ತಕಗಳಲ್ಲಿ ಗಂಜ್‌ನ ಎತ್ತರ ಎಷ್ಟು ಅಡಿ ಎಂದಿದೆ, ಕೊಳವೆಯ ಬಾಯಿ ಎಷ್ಟು ಅಗಲ ಎಂದಿದೆ. ಅಷ್ಟು ದೊಡ್ಡ ನಗರದ ಪಾಖಾನೆಗಳನ್ನು ಬಳಿದವರ ಕೇರಿ ಎಲ್ಲಿತ್ತು ಎಂದು ಕಾಣಲಿಲ್ಲ.

ಕಲ್ಲಿನಲ್ಲಿ ಸಿಗದ್ದು ಕೆಲವೊಮ್ಮೆ ಮಾತಿನಲ್ಲಿ ಸಿಗುತ್ತದೆ. ತೊಗಲಿನ ಮಶಕದಲ್ಲಿ ನೀರು ಹೊತ್ತು ತರುವವನು ಉರ್ದುವಿನಲ್ಲಿ ಭಿಶ್ತಿ. ಬಿಹಿಷ್ತ್, ಅಂದರೆ ಸ್ವರ್ಗ, ಅಲ್ಲಿಯವನು ಬಿಹಿಷ್ತಿ. ಬಾಯಾರಿದವನಿಗೆ ನೀರು ಕೊಟ್ಟವನಿಗೆ ತಕ್ಕ ಹೆಸರೇ. ನಮ್ಮ ಕಡೆ ಎತ್ತಿನ ಮೇಲೆ ಪಖಾಲಿ ಹೇರಿ ನೀರು ಮಾರುತ್ತಿದ್ದವರ ವಂಶಸ್ಥರು ಇಂದಿಗೂ ಪಖಾಲಿ ಎಂದೇ ಕರೆಸಿಕೊಳ್ಳುತ್ತಾರೆ. 1539ರಲ್ಲಿ ಚೌಸಾ ಯುದ್ಧದಲ್ಲಿ ಸೋತು ಗಂಗೆಗೆ ಧುಮುಕಿದ ಹುಮಾಯೂನನನ್ನು ಒಬ್ಬ ಭಿಶ್ತಿ ದಡ ಸೇರಿಸಿದ, ಬಾದಶಹ ಅವನನ್ನು ಕೆಲಹೊತ್ತು ಸಿಂಹಾಸನದ ಮೇಲೆ ಕೂರಿಸಿದ ಎಂಬ ಕಥೆಯನ್ನು ಉರ್ದು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು.

ಹೊಲಸು ಹೊರುವವನಿಗೂ ಇಂಥದೇ ಹೆಸರುಗಳಿವೆ. ಮೆಹ್ತರ್, ಪಾರ್ಸಿಯಲ್ಲಿ ಹಿರಿಯ, ನಾಯಕ. ಹಲಾಲ್‌ಖೋರ್, ನ್ಯಾಯವಾಗಿ ದುಡಿದು ಉಣ್ಣುವವನು. ಈ ಹೆಸರಿಟ್ಟವನು ಅಕ್ಬರ್ ಎಂದು ಐನ್-ಎ-ಅಕ್ಬರಿ ಹೇಳುತ್ತದೆ. ಭಿಶ್ತಿಗೆ ಹೆಸರಿನ ಜೊತೆ ಗಳಿಗೆಯ ಸಿಂಹಾಸನವಾದರೂ ಸಿಕ್ಕಿತು. ಮೆಹ್ತರನಿಗೆ ಸಿಕ್ಕಿದ್ದು ಹೆಸರು ಮಾತ್ರ. ನಮ್ಮಲ್ಲಿ ಜಾತಿ ಇಲ್ಲವೆಂದು ವೇದಿಕೆಗಳಲ್ಲಿ ಹೇಳುವ ನಾವು 1901ರ ಬಂಗಾಳದ ಜನಗಣತಿ ವರದಿಯನ್ನು ಒಮ್ಮೆ ಓದಬೇಕು. ಹಲಾಲ್‌ಖೋರ್, ಲಾಲಬೇಗಿ ಮುಂತಾದವರ ಜೊತೆ ಉಳಿದ ಮುಸ್ಲಿಮರು ಬೆರೆಯುವುದಿಲ್ಲ, ಅವರಿಗೆ ಮಸೀದಿಗೂ ಸಾರ್ವಜನಿಕ ಖಬರಸ್ತಾನಕ್ಕೂ ಪ್ರವೇಶವಿಲ್ಲ ಎಂದು ಅದರಲ್ಲಿ ದಾಖಲಾಗಿದೆ. ಡಾ. ಅಂಬೇಡ್ಕರ್ ಇದನ್ನು ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದ್ದಾರೆ. ಅದು ಬಂಗಾಳದ ಮಾತು, ನಮ್ಮ ಕಡೆಯದಲ್ಲ ಎಂದು ಜಾರಿಕೊಳ್ಳಬಹುದು. ನಮ್ಮ ಕಡೆ ಹೆಣ್ಣು ಕೇಳುವಾಗ ಏನು ಕೇಳುತ್ತೇವೆ ಎಂಬುದು ನಮಗೇ ಗೊತ್ತು.

ಬ್ರಿಟಿಷರು ಬಂದ ಮೇಲೆ ಇದು ಸರಕಾರಿ ಕೆಲಸವಾಯಿತು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬಿಜಾಪುರ ಮೊದಲೇ ಅಲ್ಲಿದ್ದವು. ಮುಂಬಯಿ ನಗರದಲ್ಲಿ ಮನೆಮಾಲೀಕರಿಂದ ವಸೂಲಾಗುತ್ತಿದ್ದ ಒಂದು ತೆರಿಗೆಯ ಹೆಸರೇ 'ಹಲಾಲ್‌ಖೋರ್ ಸೆಸ್'. ಅಕ್ಬರನ ಕಾಲದ ಹೆಸರು ಇಂಗ್ಲಿಷ್ ಕಾನೂನಿನೊಳಗೆ ಹೋಗಿ ಕುಳಿತಿತು. ಪೇಟೆಯ ಮನೆಗಳ ಹಿಂದೆ ಇಕ್ಕಟ್ಟಾದ ಓಣಿ, ಎತ್ತರದ ಕಟ್ಟೆಯ ಮೇಲೆ ಪಾಖಾನೆ, ಹಿಂದುಗಡೆ ಕೈ ಹೋಗುವಷ್ಟು ಕಿಂಡಿ, ಅದಕ್ಕೊಂದು ತಗಡಿನ ಬಾಗಿಲು, ಒಳಗೆ ಡಬ್ಬಿ. ಬೆಳಕು ಹರಿಯುವ ಮೊದಲು ಒಬ್ಬ ಹೆಂಗಸು ಬಂದು ತಗಡು ಎತ್ತಿ, ಡಬ್ಬಿಯನ್ನು ಬುಟ್ಟಿಗೆ ಸುರಿದು, ಬೂದಿ ಚೆಲ್ಲಿ, ತಲೆಯ ಮೇಲೆ ಹೊತ್ತು ಗಾಡಿಯವರೆಗೆ ನಡೆಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತದೆ. ಇಷ್ಟು ಬರೆದರೆ ಸಾಕು.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕನ್ನಡಿಗರು ಅವರನ್ನು 1973ರ ಬೂಸಾ ಪ್ರಕರಣಕ್ಕಾಗಿ ನೆನೆಯುವಷ್ಟು ಈ ಆದೇಶಕ್ಕಾಗಿ ನೆನೆಯುವುದಿಲ್ಲ. ಕೇಂದ್ರದ ಕಾನೂನು ಬರಲು 1993 ಆಗಬೇಕಾಯಿತು, ಅದಕ್ಕೆ ಹಲ್ಲು ಮೂಡಲು 2013.

ಈ ಎರಡು ಕಾನೂನುಗಳ ನಡುವೆ ಸವಣೂರು ನಡೆಯಿತು. ಎಕ್ಕಂಬಿಯಲ್ಲಿ ಹಾವೇರಿಯ ದಾರಿ ಹಿಡಿದರೆ ಸವಣೂರು ದೂರವಲ್ಲ. ಬಿಜಾಪುರದ ಸೇನಾನಿಗಳಾಗಿದ್ದ ಮಿಯಾನಾ ಪಠಾಣರು ನವಾಬರಾಗಿ ಆಳಿದ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಪುಟ್ಟ ಸಂಸ್ಥಾನ. ವಿ.ಕೃ. ಗೋಕಾಕರ ಹುಟ್ಟೂರು. ದೊಡ್ಡಹುಣಸೆ ಮರಗಳನ್ನು ನೋಡಲು ಈಗಲೂ ಜನ ಬರುತ್ತಾರೆ. ಆ ಊರಿನಲ್ಲಿ ತಲೆಮಾರುಗಳಿಂದ ಮಲ ಬಳಿಯುತ್ತ ಬಂದ ಕೆಲವೇ ಭಂಗಿ ಕುಟುಂಬಗಳಿದ್ದವು. ಅವರು ವಾಸವಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಬೇಕು, ಖಾಲಿ ಮಾಡಿ ಎಂದಾಯಿತು. ಮನವಿ ಕೊಟ್ಟದ್ದು ಫಲಿಸಲಿಲ್ಲ. 2010ರ ಜುಲೈ 20ರಂದು ಅವರು ಪುರಸಭೆಯ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡರು. ಕಾಗದದ ಮೇಲೆ 1970ರ ದಶಕದಲ್ಲೇ ಮುಗಿದುಹೋಗಿದ್ದ ಪದ್ಧತಿ ಅಂದು ಟಿ.ವಿ.ಯಲ್ಲಿ ಎಲ್ಲರಿಗೂ ಕಂಡಿತು. ಆ ಚಿತ್ರ ನೋಡಿ ಮುಖ ತಿರುಗಿಸಿದವರಲ್ಲಿ ನಾವೂ ಇದ್ದೆವು. ಮುಖ ತಿರುಗಿಸಿದ್ದು ನಾಚಿಕೆಯಿಂದಲೋ ಹೇಸಿಗೆಯಿಂದಲೋ ಎಂದು ಆಮೇಲೆ ಕೇಳಿಕೊಂಡಾಗ ಪ್ರಾಮಾಣಿಕ ಉತ್ತರ ಹಿತವಾಗಿರಲಿಲ್ಲ.

ಎಕ್ಕಂಬಿಯ ಇನ್ನೊಂದು ಕವಲಿಗೆ, ಹುಬ್ಬಳ್ಳಿಗೆ ಬರೋಣ. ಉಣಕಲ್ ಕೆರೆ ಸಾಲದಾದಾಗ 1955ರಲ್ಲಿ ನೀರಸಾಗರ ಕಟ್ಟಿದರು. ಅದು ಬೇಡ್ತಿಯ ನೀರು. ಅದೇ ಬೇಡ್ತಿ ಮುಂದೆ ಯಲ್ಲಾಪುರದ ಕಾಡಿನಲ್ಲಿ ಹರಿದು ಗಂಗಾವಳಿಯಾಗಿ ಕಡಲು ಸೇರುತ್ತದೆ. ಆಮೇಲೆ ಸವದತ್ತಿಯಿಂದ ಮಲಪ್ರಭೆ ಬಂತು. ಆದರೂ ಸರದಿಯ ನೀರು ತಪ್ಪಲಿಲ್ಲ. 2005ರ ನಂತರ ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ, ಸುಮಾರು ನೂರಕ್ಕೆ ಹತ್ತು ಜನರಿಗೆ, ದಿನವಿಡೀ ನೀರು ಕೊಡುವ ಪ್ರಯೋಗ ನಡೆಯಿತು. ಅಲ್ಲಿಯ ನಳಗಳನ್ನು ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಿಸಬೇಕಾದ್ದು. ಸರದಿಯ ನೀರಿನ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿನಲ್ಲಿ ಮಲದ ರೋಗಾಣು ಇತ್ತು. ದಿನವಿಡೀ ಹರಿಯುವ ನೀರಿನಲ್ಲಿ ನೂರಕ್ಕೆ ಒಂದೂ ಇರಲಿಲ್ಲ. ಕಾರಣ ಸರಳ. ಕೊಳವೆ ತುಂಬಿ ಹರಿಯುವಾಗ ಒತ್ತಡ ಹೊರಮುಖವಾಗಿರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನಳ ನಿಂತು ಕೊಳವೆ ಬರಿದಾದಾಗ ಪಕ್ಕದ ಗಟಾರದ ನೀರು ಅದೇ ಬಿರುಕಿನಿಂದ ಒಳಗೆ ಇಳಿಯುತ್ತದೆ. ನೀರು ಬಂದ ಮೊದಲ ಗಳಿಗೆಯಲ್ಲಿ ಕೊಡ ಇಡಬೇಡ, ಸ್ವಲ್ಪ ಬಿಟ್ಟು ಹಿಡಿ ಎಂದು ಹುಬ್ಬಳ್ಳಿಯ ಅತ್ತೆಯರು ಸೊಸೆಯರಿಗೆ ಹೇಳಿಕೊಡುವುದು ಬರೀ ರೂಢಿಯಲ್ಲ. ಎರಡು ದಾರಿಗಳೂ ಒಂದೇ ನೆಲದಡಿಯಲ್ಲಿ, ಗೇಣು ಅಂತರದಲ್ಲಿ ಮಲಗಿವೆ.

ಈಗ ಹಳ್ಳಿಗಳಿಗೂ ಶೌಚಾಲಯ ಬಂದಿದೆ. ಎರಡು ಗುಂಡಿ ತೋಡಿ, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿದರೆ, ಮೊದಲನೆಯದು ಒಂದೂವರೆ ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ; ಯಾರೂ ಮಲ ಮುಟ್ಟಬೇಕಿಲ್ಲ. ನಮ್ಮ ಜನ ಒಂದೇ ಗುಂಡಿಯನ್ನು ಆಳಕ್ಕೆ ತೋಡಿಸುತ್ತಾರೆ, ಬೇಗ ತುಂಬಬಾರದೆಂದು. ಮಳೆಗಾಲದಲ್ಲಿ ಒರತೆ ಎದ್ದಾಗ ಗುಂಡಿಯೂ ಬಾವಿಯೂ ಮಾತಾಡಿಕೊಳ್ಳುತ್ತವೆ. ತುಂಬಿದ ಗುಂಡಿಗೆ ಟ್ಯಾಂಕರು ಬರುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಟ್ಯಾಂಕರುಗಳ ಮಲವನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ದೇಶದ ಮೊದಲ ಘಟಕ ಆರಂಭವಾಯಿತು. ಎಲ್ಲ ಊರೂ ದೇವನಹಳ್ಳಿಯಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಮನೆಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಎಂದಿತ್ತು, 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲವೆಂದೇ ಮೊತ್ತ ಏರಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಗುಂಡಿ ತುಂಬಿ ಟ್ಯಾಂಕರು ಕರೆಸಿದೆವು. ಬಂದದ್ದು ರಾತ್ರಿ ಒಂಬತ್ತರ ಮೇಲೆ. ಇಪ್ಪತ್ತರ ಹರೆಯದ ಇಬ್ಬರು ಹುಡುಗರು, ಕೈಗೆ ಗವಸಿಲ್ಲ. ಪೈಪು ಸುತ್ತಿಡುವಾಗ ಕುಡಿಯಲು ನೀರು ಕೇಳಿದರು. ಮನೆಯಾಕೆ ಲೋಟ ತಂದರು. ಯಾವ ಲೋಟ ಎಂದು ಕ್ಷಣ ತಡೆದು ತಂದದ್ದನ್ನು ನಾವು ಗಮನಿಸಿದೆವು, ಹುಡುಗರೂ ಗಮನಿಸಿರಬೇಕು. ಇದನ್ನೆಲ್ಲ ಎಲ್ಲಿ ಸುರಿಯುತ್ತೀರಪ್ಪ ಎಂದು ಕೇಳಿದೆವು. ಹುಡುಗ ಬಾಯಿ ಒರೆಸಿಕೊಂಡು, "ನಿಮ್ಮ ಗುಂಡಿ ಖಾಲಿ ಆತಲ್ರಿ ಸಾಹೇಬ್ರ" ಎಂದು ಗಾಡಿ ಹತ್ತಿದ. ಟ್ಯಾಂಕರು ಕಾಡಿನ ಕಡೆಯ ರಸ್ತೆಗೆ ತಿರುಗಿತು.