ಹಂಚಿಹೋದ ಅಧಿಕಾರ, ಹಂಚಿಕೊಳ್ಳಬೇಕಾದ ಹೊಣೆ

ಮಾತು ಆಡಿದವನದು, ಆದರೆ ಆಡಿದ ಮಾತು ಉಳಿಯುವ ಸ್ಥಳ ಯಾರದು? ಮನೆಯ ಶುಭಕಾರ್ಯದ ಚಿತ್ರಗಳು, ಸಂಸ್ಥೆಗಳ ಪ್ರಕಟಣೆಗಳು, ತರುಣರ ವಾದವಿವಾದಗಳು ಎಲ್ಲವೂ ಇಂದು ಯಾರದೋ ಯಂತ್ರದಲ್ಲಿ ಶೇಖರವಾಗುತ್ತಿರುವುದರಿಂದ ಈ ಪ್ರಶ್ನೆ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ್ದಾಗಿದೆ. 2004ರಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ ಆರ್ಕುಟ್ ಎಂಬ ಜಾಲತಾಣ ಭಾರತ ಮತ್ತು ಬ್ರೆಜಿಲ್ ದೇಶಗಳಲ್ಲಿ ಬಹಳ ಜನಪ್ರಿಯವಾಗಿತ್ತು. 2014ರ ಸೆಪ್ಟೆಂಬರ್ 30ರಂದು ಸಂಸ್ಥೆ ಅದನ್ನು ಮುಚ್ಚಿತು. ಅಲ್ಲಿ ಹತ್ತು ವರ್ಷ ಕೂಡಿ ಮಾತನಾಡಿದವರಿಗೆ ಆ ತೀರ್ಮಾನದಲ್ಲಿ ಯಾವ ಪಾಲೂ ಇರಲಿಲ್ಲ. ಪರರ ಅಂಗಳದಲ್ಲಿ ಕಟ್ಟಿದ ಬಳಗ ಅಂಗಳದ ಒಡೆಯನ ಇಚ್ಛೆ ಇರುವವರೆಗೆ ಮಾತ್ರ ಉಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಒಬ್ಬನೇ ಒಡೆಯನಿಲ್ಲದ ಜಾಲವನ್ನು ಕಟ್ಟಬೇಕೆಂಬ ವಿಚಾರ ಹೊಸದಲ್ಲ. ಇ-ಮೇಲ್ ವ್ಯವಸ್ಥೆ ಮೊದಲಿನಿಂದಲೂ ಹಾಗೆಯೇ ಇದೆ. ಕಳುಹಿಸುವವರ ವಿಳಾಸ ಒಂದು ಸಂಸ್ಥೆಯಲ್ಲಿ, ಪಡೆಯುವವರದು ಇನ್ನೊಂದರಲ್ಲಿ ಇದ್ದರೂ ಪತ್ರ ತಲುಪುತ್ತದೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರು ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಯೋಜಿಸಿದರು. ಒಂದು ಕಂಪ್ಯೂಟರಿನಲ್ಲಿ ಬರೆದುದು ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಸಾಗುತ್ತಿತ್ತು. ನಡುವೆ ಅಧಿಪತಿ ಇರಲಿಲ್ಲ. ಆದರೆ 1994ರ ಏಪ್ರಿಲ್ ತಿಂಗಳಲ್ಲಿ ಇಬ್ಬರು ವಕೀಲರು ತಮ್ಮ ವೃತ್ತಿಯ ಜಾಹೀರಾತೊಂದನ್ನು ಅದರ ಸಾವಿರಾರು ಗುಂಪುಗಳಿಗೆ ಏಕಕಾಲದಲ್ಲಿ ಹಾಕಿದಾಗ, ಇಡೀ ಜಾಲದ ಪರವಾಗಿ ಅದನ್ನು ತಡೆಯುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ಅಧಿಪತಿಯಿಲ್ಲದ ಜಾಲದ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಅಂದೇ ವ್ಯಕ್ತವಾಯಿತು.

ಮುಂದೆ ಸಾಮಾಜಿಕ ಜಾಲಗಳು ಕೆಲವೇ ದೊಡ್ಡ ಕಂಪನಿಗಳ ಹಿಡಿತಕ್ಕೆ ಬಂದ ಕಾಲದಲ್ಲಿ ಹಳೆಯ ವಿಚಾರ ಮರುಜೀವ ಪಡೆಯಿತು. 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಡಯಾಸ್ಪೊರಾ ಎಂಬ ಜಾಲವನ್ನು ಕಟ್ಟಲು 10,000 ಡಾಲರ್ ನೆರವು ಕೋರಿದರು. ಜನರು 2,00,000 ಡಾಲರಿಗೂ ಮಿಕ್ಕಿ ಕೊಟ್ಟರು. 2016ರಲ್ಲಿ ಜರ್ಮನಿಯ ಓಯ್ಗೆನ್ ರೋಚ್ಕೊ ಅವರು ಮ್ಯಾಸ್ಟೊಡಾನ್ ತಂತ್ರಾಂಶವನ್ನು ಪ್ರಕಟಿಸಿದರು. ಇದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಸ್ಥಾಪಿಸಿ, ತಮ್ಮದೇ ನಿಯಮಗಳನ್ನು ಇಟ್ಟುಕೊಂಡು, ಇತರ ಸರ್ವರುಗಳೊಡನೆ ವ್ಯವಹರಿಸಬಹುದು. ಇಂತಹ ವ್ಯವಹಾರಕ್ಕೆ ಬೇಕಾದ ಸಮಾನ ನಿಯಮಾವಳಿಯಾದ ಆಕ್ಟಿವಿಟಿಪಬ್ ಅನ್ನು 2018ರ ಜನವರಿಯಲ್ಲಿ ಡಬ್ಲ್ಯು3ಸಿ ಎಂಬ ಅಂತರಜಾಲ ಮಾನಕ ಸಂಸ್ಥೆ ಅಂಗೀಕರಿಸಿತು.

ಈ ವ್ಯವಸ್ಥೆಯ ಲಾಭಗಳು ಅಲ್ಪವಲ್ಲ. ಒಂದು ಸರ್ವರಿನ ನಿಯಮ ಒಪ್ಪಿಗೆಯಾಗದಿದ್ದರೆ ಮತ್ತೊಂದಕ್ಕೆ ಹೋಗಬಹುದು. ತಮ್ಮನ್ನು ಅನುಸರಿಸುವವರನ್ನೂ ಜೊತೆಗೆ ಕರೆದೊಯ್ಯಬಹುದು. ಜಾಹೀರಾತಿಗಾಗಿ ಓದುಗನ ಕೋಪವನ್ನು ಕೆರಳಿಸಿ ಅವನನ್ನು ಹಿಡಿದಿಡುವ ಅಗತ್ಯ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 2019ರ ನವೆಂಬರಿನಲ್ಲಿ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತಿನಲ್ಲಿಟ್ಟ ಪ್ರಕರಣದ ಬಳಿಕ ಭಾರತದ ಅನೇಕರು ಮ್ಯಾಸ್ಟೊಡಾನ್ ಕಡೆಗೆ ತಿರುಗಿದರು. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಎಲಾನ್ ಮಸ್ಕ್ ಅವರ ಒಡೆತನಕ್ಕೆ ಬಂದಾಗ, ತಿಂಗಳಿಗೊಮ್ಮೆಯಾದರೂ ಮ್ಯಾಸ್ಟೊಡಾನ್ ಬಳಸುವವರ ಸಂಖ್ಯೆ ಸುಮಾರು 3 ಲಕ್ಷದಿಂದ ನವೆಂಬರಿನಲ್ಲಿ 25 ಲಕ್ಷಕ್ಕೆ ಏರಿತು. ಬಂದವರಲ್ಲಿ ಬಹುಮಂದಿ ನೆಲೆಸಲಿಲ್ಲವೆಂಬುದು ನಿಜ. ಆದರೂ ಹೊರಟುಹೋಗಲು ಬಾಗಿಲೊಂದು ಇದೆ ಎಂಬ ಅರಿವು ಒಡೆಯನ ದರ್ಪಕ್ಕೆ ಒಂದು ಅಂಕುಶವಾಗುತ್ತದೆ.

ಇನ್ನು ದೋಷಗಳ ವಿಚಾರ. 2014ರಲ್ಲಿ ಟ್ವಿಟರಿನಿಂದ ಹೊರದೂಡಲ್ಪಟ್ಟ ಐಸಿಸ್ ಉಗ್ರರ ಪ್ರಚಾರ ಡಯಾಸ್ಪೊರಾ ಜಾಲಕ್ಕೆ ನುಗ್ಗಿತು. ಜಾಲವನ್ನು ರೂಪಿಸಿದವರಿಗೆ ಅದನ್ನು ಒಂದೇ ಆಜ್ಞೆಯಿಂದ ಅಳಿಸುವ ಮಾರ್ಗವಿರಲಿಲ್ಲ. ಪ್ರತಿ ಸರ್ವರಿನ ನಿರ್ವಾಹಕರಿಗೂ ವಿಷಯ ತಿಳಿಸಿ ಅವರಿಂದಲೇ ತೆಗೆಸಬೇಕಾಯಿತು. 2019ರಲ್ಲಿ ದ್ವೇಷದ ಮಾತುಗಳಿಗೆ ಕುಖ್ಯಾತವಾದ ಗ್ಯಾಬ್ ಎಂಬ ತಾಣ ಮ್ಯಾಸ್ಟೊಡಾನ್ ತಂತ್ರಾಂಶವನ್ನೇ ಬಳಸತೊಡಗಿತು. ಮುಕ್ತವಾಗಿ ಕೊಟ್ಟ ತಂತ್ರಾಂಶವನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅನೇಕ ಸರ್ವರುಗಳು ಅದರೊಡನೆ ಸಂಪರ್ಕವನ್ನು ಕಡಿದುಕೊಂಡವು. ಕೆಡುಕು ಹತ್ತಿರ ಬರದಂತೆ ಬೇಲಿ ಹಾಕಲು ಸಾಧ್ಯವಾಯಿತೇ ಹೊರತು ಅದನ್ನು ಇಲ್ಲವಾಗಿಸಲು ಆಗಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ದೊಡ್ಡ ಕಂಪನಿಯನ್ನು ಬಿಟ್ಟು ಬಂದವನು ಯಾರನ್ನೂ ನಂಬಬೇಕಿಲ್ಲವೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅವನು ಸರ್ವರನ್ನು ನಡೆಸುವ ಒಬ್ಬ ಅಪರಿಚಿತನನ್ನು ನಂಬಿರುತ್ತಾನೆ. ಮ್ಯಾಸ್ಟೊಡಾನ್ ಮೂಲಕ ಇಬ್ಬರ ನಡುವೆ ಸಾಗುವ ಸಂದೇಶವನ್ನು ನಿರ್ವಾಹಕ ಮನಸ್ಸು ಮಾಡಿದರೆ ಓದಬಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಬೇರೊಂದು ಪ್ರಕರಣಕ್ಕಾಗಿ ಕೊಲೆಕ್ಟಿವಾ ಎಂಬ ಸರ್ವರಿನ ನಿರ್ವಾಹಕರೊಬ್ಬರ ಮನೆಯನ್ನು ಶೋಧಿಸಿದಾಗ, ಬಳಕೆದಾರರ ಮಾಹಿತಿಯ ಪ್ರತಿಯೂ ಅವರ ಕೈಸೇರಿತು. ಅದೇ ವರ್ಷ ಸಾವಿರಾರು ಖಾತೆಗಳಿದ್ದ ಮ್ಯಾಸ್ಟೊಡಾನ್ ಡಾಟ್ ಲೋಲ್ ಎಂಬ ಸರ್ವರ್ ಮುಚ್ಚಿತು; ನಿತ್ಯದ ಜಗಳ ಮತ್ತು ನಿಂದೆಗಳಿಂದ ಅದರ ನಿರ್ವಾಹಕರು ಬೇಸತ್ತಿದ್ದರು. ಅಲ್ಲಿದ್ದವರು ಬೇರೆಡೆಗೆ ಹೋಗಬಹುದಾಗಿತ್ತು. ಆದರೆ ಖಾತೆಯೊಡನೆ ಹಳೆಯ ಬರಹಗಳು ಹೊಸ ಸ್ಥಳಕ್ಕೆ ಸಾಗುವುದಿಲ್ಲ. ಆರ್ಕುಟ್ ಮುಚ್ಚಿದ್ದು ಒಂದು ಕಂಪನಿಯ ಲೆಕ್ಕಾಚಾರದಿಂದ. ಇದು ಮುಚ್ಚಿದ್ದು ಒಬ್ಬ ಮನುಷ್ಯನ ಆಯಾಸದಿಂದ. ತನ್ನ ಮಾತುಗಳ ನೆಲೆ ಕಳೆದುಕೊಂಡವನಿಗೆ ಈ ಎರಡರಲ್ಲಿ ಎಷ್ಟು ವ್ಯತ್ಯಾಸ?

ಈ ಇತಿಹಾಸದಿಂದ ಗ್ರಹಿಸಬೇಕಾದುದು ಒಂದೇ. ಅಧಿಕಾರವನ್ನು ಹಂಚಿದ ಮಾತ್ರಕ್ಕೆ ಹೊಣೆ ಕರಗುವುದಿಲ್ಲ, ಅದೂ ಹಂಚಿಹೋಗುತ್ತದೆ. ಅದನ್ನು ಹೊರುವವರು ಇಲ್ಲದಿದ್ದಲ್ಲಿ ಸ್ವಾತಂತ್ರ್ಯವು ಅನಾಥ ಸ್ಥಿತಿಯಾಗಿ ಪರಿಣಮಿಸುತ್ತದೆ. ಮ್ಯಾಸ್ಟೊಡಾನ್ ಬಳಗದವರೇ ಇದನ್ನು ಕ್ರಮೇಣ ಮನಗಂಡರು. ತಮ್ಮ ಅಧಿಕೃತ ಪಟ್ಟಿಯಲ್ಲಿ ಸೇರಬಯಸುವ ಸರ್ವರುಗಳಿಗೆ ಅವರು ಕೆಲವು ನಿಬಂಧನೆಗಳನ್ನು ವಿಧಿಸಿದ್ದಾರೆ: ದ್ವೇಷದ ಬರಹಗಳನ್ನು ಸಕ್ರಿಯವಾಗಿ ತಡೆಯಬೇಕು, ಮಾಹಿತಿಯ ನಕಲನ್ನು ಪ್ರತಿದಿನ ತೆಗೆದಿಡಬೇಕು, ಆಪತ್ಕಾಲದಲ್ಲಿ ಯಂತ್ರವನ್ನು ನೋಡಿಕೊಳ್ಳಲು ಇನ್ನೊಬ್ಬರಾದರೂ ಇರಬೇಕು, ಮುಚ್ಚುವುದಾದರೆ 3 ತಿಂಗಳು ಮೊದಲೇ ತಿಳಿಸಬೇಕು. ಮ್ಯಾಸ್ಟೊಡಾನ್ ಒಬ್ಬನೇ ವ್ಯಕ್ತಿಯ ಸ್ವತ್ತಾಗಿ ಇರಬಾರದೆಂದು, ಅದರ ಒಡೆತನವನ್ನು ಲಾಭೋದ್ದೇಶವಿಲ್ಲದ ಸಂಸ್ಥೆಗೆ ವಹಿಸುವ ನಿರ್ಧಾರವನ್ನು 2025ರ ಜನವರಿಯಲ್ಲಿ ಪ್ರಕಟಿಸಿದರು.

ಸಾರ್ವಜನಿಕ ನಿಧಿಗಳನ್ನು ನಡೆಸಿದ ಅನುಭವವುಳ್ಳವರಿಗೆ ಈ ನಿಬಂಧನೆಗಳು ಅಪರಿಚಿತವೆನಿಸಲಾರವು. ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇರಬಾರದು, ಬೀಗದ ಕೈ ಇಬ್ಬರಲ್ಲಿರಬೇಕು, ಉತ್ತರಾಧಿಕಾರಿಯನ್ನು ಮುಂಚೆಯೇ ಗೊತ್ತುಮಾಡಬೇಕು ಎಂಬ ಹಳೆಯ ವಿವೇಕವೇ ಇಲ್ಲಿ ಹೊಸ ರೂಪದಲ್ಲಿದೆ. ಆದುದರಿಂದ ಯಾವುದೇ ಕುಟುಂಬವಾಗಲಿ ಸಂಸ್ಥೆಯಾಗಲಿ ತನ್ನ ಮಾತುಕತೆಗೆ ಇಂತಹ ಜಾಲವನ್ನು ಆರಿಸಿಕೊಳ್ಳುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಸರ್ವರಿನ ಖರ್ಚನ್ನು ಭರಿಸುವವರು ಯಾರು? ನೊಂದವನ ದೂರನ್ನು ಓದುವವರು ಯಾರು? ನಡೆಸುವವನು ದಣಿದಾಗ ಅವನ ಸ್ಥಾನದಲ್ಲಿ ನಿಲ್ಲುವವರು ಯಾರು? ಇವಕ್ಕೆ ಉತ್ತರ ದೊರೆತಲ್ಲಿ ವಿಕೇಂದ್ರೀಕೃತ ಜಾಲವು ಉತ್ತಮ ಆಶ್ರಯ. ಉತ್ತರ ದೊರೆಯದಿದ್ದಲ್ಲಿ ಆ ಕೆಲಸಗಳಲ್ಲಿ ಒಂದನ್ನಾದರೂ ತಾನೇ ವಹಿಸಿಕೊಳ್ಳಲು ಮುಂದಾಗುವವನಿಗೆ ಮಾತ್ರ ಅದು ಸಲ್ಲುತ್ತದೆ.