ಸಿಂಥೆಟಿಕ್ ಅಂದ್ರೆ ಏನ್ ಸ್ವಾಮಿ?

ಹೊಸದಾಗಿ ಬೈಕು, ಕಾರು ಕೊಂಡ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಯಾವ ಆಯಿಲ್ ಹಾಕಿಸ್ಲಿ? ಸೆಮಿ ಸಿಂಥೆಟಿಕ್ಕಾ, ಫುಲ್ಲಿ ಸಿಂಥೆಟಿಕ್ಕಾ?’ ಅದರ ಬೆನ್ನಿಗೇ ಇನ್ನೊಂದು: ‘ಮೊಬಿಲ್ ಒಳ್ಳೇದಾ, ಮೋಟುಲ್ ಒಳ್ಳೇದಾ, ಕ್ಯಾಸ್ಟ್ರಾಲ್ ಒಳ್ಳೇದಾ?’ ನಾನು ಬ್ರ್ಯಾಂಡ್ ಹೆಸರು ಹೇಳಲು ಹೋಗುವುದಿಲ್ಲ, ಕತೆ ಹೇಳುತ್ತೇನೆ. ಡಬ್ಬಿಯ ಮೇಲಿರುವ ‘ಸಿಂಥೆಟಿಕ್’ ಅನ್ನುವ ಪದಕ್ಕೆ ನಾವು ಜೇಬಿನಿಂದ ಹೆಚ್ಚು ದುಡ್ಡು ಕೊಡುತ್ತೇವೆ. ಆ ಪದದ ಅರ್ಥ ಏನು ಅನ್ನುವುದು ಪ್ರಯೋಗಾಲಯದಲ್ಲಿ ತೀರ್ಮಾನವಾಗಲಿಲ್ಲ. ಒಂದು ಜಾಹೀರಾತು ಜಗಳದಲ್ಲಿ ತೀರ್ಮಾನವಾಯಿತು.

ಶುರು ಮಾಡೋಣ ಹರಳೆಣ್ಣೆಯಿಂದ. ಹೌದು, ಅಜ್ಜಿ ತಲೆಗೆ ತಟ್ಟುತ್ತಿದ್ದ, ಹೊಟ್ಟೆ ಕಟ್ಟಿದರೆ ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ವ್ಯಾಪಾರಿ 1899ರಲ್ಲಿ ಎಣ್ಣೆ ಕಂಪನಿ ಶುರು ಮಾಡಿದ. 1909ರ ಹೊತ್ತಿಗೆ ಕಾರು, ವಿಮಾನಗಳ ಎಂಜಿನ್‌ಗೆ ಹರಳೆಣ್ಣೆ ಬೆರೆಸಿದ ಆಯಿಲ್ ತಂದ. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್, ಆಯಿಲ್ ಹೆಸರು ಕ್ಯಾಸ್ಟ್ರಾಲ್. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಲ್ಲಿ ಹರಳೆಣ್ಣೆಯೇ ಬೇಕಿತ್ತು. ಆ ಎಂಜಿನ್‌ಗಳಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗುತ್ತಿತ್ತು. ಮಾಮೂಲಿ ಖನಿಜ ತೈಲ ಪೆಟ್ರೋಲಿನಲ್ಲಿ ಕರಗಿ ತೆಳುವಾಗಿಬಿಡುತ್ತಿತ್ತು, ಹರಳೆಣ್ಣೆ ಅಷ್ಟು ಸುಲಭವಾಗಿ ಕರಗುತ್ತಿರಲಿಲ್ಲ. ಆದರೆ ಎಂಜಿನ್ ಉಗುಳಿದ ಎಣ್ಣೆಯೆಲ್ಲ ಹಿಂದೆ ಕೂತ ಪೈಲಟ್‌ನ ಮುಖಕ್ಕೇ ರಾಚುತ್ತಿತ್ತು. ಅದನ್ನು ಉಸಿರಾಡಿ, ನುಂಗಿ, ಪಾಪ, ಹೊಟ್ಟೆ ಕೆಡಿಸಿಕೊಂಡು ಇಳಿಯುತ್ತಿದ್ದರು.

ಹರಳೆಣ್ಣೆಯ ಜಾರುಗುಣ ಚೆನ್ನಾಗಿತ್ತು, ಬಾಳಿಕೆ ಇರಲಿಲ್ಲ. ಬಿಸಿಗೆ ಅಂಟಾಗುತ್ತಿತ್ತು. ಇತ್ತ ಕಚ್ಚಾ ತೈಲದಿಂದ ತೆಗೆದ ಆಯಿಲ್‌ನದು ಬೇರೆ ಸಮಸ್ಯೆ. ಅದು ನಾನಾ ಗಾತ್ರ, ಆಕಾರದ ಅಣುಗಳ ಸಂತೆ. ಹಗುರವಾದವು ಬಿಸಿಗೆ ಆವಿಯಾಗುತ್ತವೆ, ಮೇಣದಂಥವು ಚಳಿಗೆ ಹೆಪ್ಪುಗಟ್ಟುತ್ತವೆ. ನಮಗೆ ಬೇಕಾದ ಒಂದೇ ಥರದ ಅಣುವನ್ನು ನಾವೇ ಕಟ್ಟಿಕೊಂಡರೆ? ಸಿಂಥೆಟಿಕ್ ಅನ್ನುವ ಐಡಿಯಾ ಹುಟ್ಟಿದ್ದು ಇಲ್ಲಿ. ಅಮೆರಿಕದಲ್ಲಿ 1920ರ ದಶಕದ ಕೊನೆಗೇ ಈ ಪ್ರಯತ್ನ ನಡೆಯಿತು, ಕೊಳ್ಳುವವರೇ ಇರಲಿಲ್ಲ. ಅಗ್ಗದ ತೈಲ ಧಾರಾಳವಾಗಿದ್ದ ನಾಡಿನಲ್ಲಿ ಯಾರಿಗೆ ಬೇಕು?

ಬೇಕಾಗಿದ್ದು ಜರ್ಮನಿಗೆ. ಅಲ್ಲಿ ಕಲ್ಲಿದ್ದಲು ಇತ್ತು, ತೈಲ ಇರಲಿಲ್ಲ. 1925ರ ಸುಮಾರಿಗೆ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ ಕಲ್ಲಿದ್ದಲಿನಿಂದ ಪಡೆದ ಅನಿಲವನ್ನು ದ್ರವ ಇಂಧನ ಮಾಡುವ ವಿಧಾನ ಕಂಡುಹಿಡಿದರು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಐ.ಜಿ. ಫಾರ್ಬೆನ್ ಕಂಪನಿಯ ಹರ್ಮನ್ ಝೋರ್ನ್ ಎಸ್ಟರ್ ಅನ್ನುವ ಸಂಯುಕ್ತಗಳಿಂದ ಎಂಜಿನ್ ಆಯಿಲ್ ಮಾಡುವ ಕೆಲಸದಲ್ಲಿ ಮುಳುಗಿದ್ದ. ರಷ್ಯಾದ ಚಳಿಯಲ್ಲಿ ಮಾಮೂಲಿ ಆಯಿಲ್ ಗಟ್ಟಿಯಾದರೆ ಟ್ಯಾಂಕ್ ಕದಲುವುದಿಲ್ಲವಲ್ಲ.

ಯುದ್ಧದ ನಂತರ ಜೆಟ್ ಎಂಜಿನ್ ಬಂತು. ಮೈನಸ್ 54 ಡಿಗ್ರಿಯಲ್ಲೂ ಹರಿಯಬೇಕು, ಟರ್ಬೈನ್ ಬೇರಿಂಗ್‌ನ ಕಾವಿಗೂ ಕರಿಕಲಾಗಬಾರದು. ಖನಿಜ ತೈಲ ಅಲ್ಲಿ ಕೈಚೆಲ್ಲಿತು, ಎಸ್ಟರ್ ಆಯಿಲ್ ಗೆದ್ದಿತು. ಇಂದಿಗೂ ವಿಮಾನಗಳ ಜೆಟ್ ಎಂಜಿನ್‌ನಲ್ಲಿರುವುದು ಸಿಂಥೆಟಿಕ್ಕೇ.

ಆಕಾಶದಿಂದ ರಸ್ತೆಗೆ ಇಳಿದದ್ದು 1970ರ ದಶಕದಲ್ಲಿ. ‘ಮೊದಲು ತಂದವರು ನಾವೇ’ ಅನ್ನುವುದರಲ್ಲಿ ಕಂಪನಿಗಳ ನಡುವೆ ಇಂದಿಗೂ ಪೈಪೋಟಿ. ಫ್ರಾನ್ಸಿನ ಮೋಟುಲ್ ತನ್ನ 300ವಿ 1971ರದ್ದು ಅನ್ನುತ್ತದೆ. ಅಮೆರಿಕದಲ್ಲಿ ಫೈಟರ್ ಸ್ಕ್ವಾಡ್ರನ್ ನಡೆಸಿದ್ದ ಆಲ್ಬರ್ಟ್ ಅಮಾಟುಝಿಯೊ, ಜೆಟ್‌ಗೆ ಆಗುವುದು ಕಾರಿಗೆ ಯಾಕಾಗಬಾರದು ಅಂತ ಯೋಚಿಸಿ 1972ರಲ್ಲಿ ಆಮ್ಸಾಯಿಲ್ ತಂದ. ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾನದಂಡ ಮುಟ್ಟಿದ ಮೊದಲ ಸಿಂಥೆಟಿಕ್ ಕಾರ್ ಆಯಿಲ್ ತಮ್ಮದು ಅನ್ನುವುದು ಅವರ ವಾದ. 1974ರಲ್ಲಿ ಮೊಬಿಲ್ 1 ಬಂತು. ಅದರ ಜೀವಾಳ ಪಿಎಒ: ಎಥಿಲೀನ್ ಎಂಬ ಸಣ್ಣ ಅಣುವಿನಿಂದ ಶುರು ಮಾಡಿ ಹಂತಹಂತವಾಗಿ ಪೋಣಿಸಿ ಕಟ್ಟಿದ ಎಣ್ಣೆ. ಆಗ ಸಿಂಥೆಟಿಕ್ ಅಂದರೆ ಯಾರಿಗೂ ಗೊಂದಲ ಇರಲಿಲ್ಲ. ಪಿಎಒ ಅಥವಾ ಎಸ್ಟರ್, ಎರಡೇ.

ಗೊಂದಲ ತಂದದ್ದು ರಿಫೈನರಿಗಳು. ಕಚ್ಚಾ ತೈಲದ ಭಾರಿ ಅಣುಗಳನ್ನು ಹೆಚ್ಚು ಒತ್ತಡ, ಹೆಚ್ಚು ಬಿಸಿಯಲ್ಲಿ ಹೈಡ್ರೋಜನ್ ಜೊತೆ ಸೇರಿಸಿ ಒಡೆಯುವುದು, ಮರುಜೋಡಿಸುವುದು ಅವರಿಗೆ ಚೆನ್ನಾಗಿ ಕೈಹತ್ತಿತು. ಹೀಗೆ ಬಂದ ಎಣ್ಣೆಯನ್ನು ಎಪಿಐ ‘ಗ್ರೂಪ್ 3’ ಅಂತ ಕರೆಯಿತು. ಪಿಎಒ ಗ್ರೂಪ್ 4, ಎಸ್ಟರ್ ಮುಂತಾದವು ಗ್ರೂಪ್ 5. ಗ್ರೂಪ್ 3 ಎಣ್ಣೆಯ ಗುಣ ಪಿಎಒ ಹತ್ತಿರಕ್ಕೆ ಬಂತು, ಖರ್ಚು ಮಾತ್ರ ಬಹಳ ಕಡಿಮೆ.

1990ರ ದಶಕದ ಕೊನೆಗೆ ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲ್‌ನಲ್ಲಿ ಪಿಎಒ ತೆಗೆದು ಗ್ರೂಪ್ 3 ಹಾಕಿತು. ಡಬ್ಬಿಯ ಮೇಲಿನ ‘ಸಿಂಥೆಟಿಕ್’ ಅಲ್ಲೇ ಉಳಿಯಿತು. ಮೊಬಿಲ್ ಕೆರಳಿತು, ಅಮೆರಿಕದ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎನ್‌ಎಡಿಗೆ ದೂರು ಕೊಟ್ಟಿತು. ಇದು ಕೋರ್ಟ್ ಅಲ್ಲ, ಜಾಹೀರಾತಿನ ಮಾತಿಗೆ ಆಧಾರ ಇದೆಯಾ ಅಂತ ನೋಡುವ ಪಂಚಾಯ್ತಿ ಕಟ್ಟೆ ಅನ್ನಿ. ಮೊಬಿಲ್ ವಾದ: ಸಣ್ಣ ಅಣುಗಳಿಂದ ಕಟ್ಟಿದರೆ ಮಾತ್ರ ಸಿಂಥೆಟಿಕ್, ಕಚ್ಚಾ ತೈಲವನ್ನು ಎಷ್ಟು ತೊಳೆದರೂ ಅದು ಖನಿಜ ತೈಲವೇ. ಕ್ಯಾಸ್ಟ್ರಾಲ್ ವಾದ: ನಾವು ತೊಳೆದಿಲ್ಲ, ರಾಸಾಯನಿಕವಾಗಿ ಅಣುಗಳನ್ನೇ ಬದಲಾಯಿಸಿದ್ದೇವೆ. ಅಷ್ಟರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ತನ್ನ ದಾಖಲೆಯಿಂದ ‘ಸಿಂಥೆಟಿಕ್’ ವಿವರಣೆಯನ್ನೇ ತೆಗೆದುಹಾಕಿತ್ತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಪರ ಬಂತು. ಆಮೇಲೆ ಮಾರುಕಟ್ಟೆಯಲ್ಲಿ ಗ್ರೂಪ್ 3ರಿಂದ ಮಾಡಿದ ‘ಫುಲ್ಲಿ ಸಿಂಥೆಟಿಕ್’ ಮಾಮೂಲಿಯಾಯಿತು. ಜರ್ಮನಿಯಲ್ಲಿ ಮಾತ್ರ ‘ಪೂರ್ಣ ಸಿಂಥೆಟಿಕ್’ ಅನ್ನುವ ಪದವನ್ನು ಹಳೆಯ ಅರ್ಥದಲ್ಲೇ ಬಿಗಿಯಾಗಿ ಹಿಡಿದುಕೊಂಡರು.

ಹಾಗಾದ್ರೆ ನಮಗೆ ಟೋಪಿ ಹಾಕಿದ್ರಾ? ಅಷ್ಟು ಸಲೀಸಾಗಿ ಹೇಳಲಾರೆ. ಫಿಷರ್, ಟ್ರೋಪ್ಶ್ ಈಗ ವಾಪಸ್ ಬರಲಿ. ಕತಾರಿನಲ್ಲಿ ಶೆಲ್ ಕಂಪನಿಯ ಪರ್ಲ್ ಸ್ಥಾವರ 2011ರಿಂದ ನೈಸರ್ಗಿಕ ಅನಿಲವನ್ನು ಅವರ ವಿಧಾನದ ಮೂಲಕವೇ ದ್ರವವನ್ನಾಗಿ ಮಾಡುತ್ತಿದೆ, ಅದರಿಂದ ಬೇಸ್ ಆಯಿಲ್ ತೆಗೆಯುತ್ತಿದೆ. ಅನಿಲದ ಸಣ್ಣ ಅಣುವಿನಿಂದಲೇ ಕಟ್ಟಿದ ಎಣ್ಣೆ ಇದು. ಮೊಬಿಲ್‌ನ ಹಳೇ ವ್ಯಾಖ್ಯೆಯ ಪ್ರಕಾರ ಅಪ್ಪಟ ಸಿಂಥೆಟಿಕ್. ಆದರೂ ಎಪಿಐ ಪಟ್ಟಿಯಲ್ಲಿ ಇದರ ಜಾಗ ಗ್ರೂಪ್ 3! ಅಂದರೆ ಗ್ರೂಪ್ ನಂಬರ್ ಹಿಡಿದುಕೊಂಡು ಜಾತಿ ಲೆಕ್ಕ ಹಾಕುತ್ತ ಕೂತರೂ ಪ್ರಯೋಜನ ಇಲ್ಲ.

ಇನ್ನು ಸವೆತದ ಮಾತು. 2008–09ರ ಸುಮಾರಿಗೆ ವ್ಯಾಲ್ವೋಲಿನ್ ತನ್ನ ಸಿನ್‌ಪವರ್ ಆಯಿಲ್ ಮೊಬಿಲ್ 1ಕ್ಕಿಂತ ಸವೆತದಿಂದ ನಾಲ್ಕು ಪಟ್ಟು ಹೆಚ್ಚು ರಕ್ಷಿಸುತ್ತದೆ ಅಂತ ಜಾಹೀರಾತು ಕೊಟ್ಟಿತು. ಕ್ಯಾಸ್ಟ್ರಾಲ್ ಬಂದು ತನ್ನ ಎಡ್ಜ್ ಎಂಟು ಪಟ್ಟು ಅಂದಿತು. ಹರಾಜು ಕೂಗಿದ ಹಾಗೆ! ಇದಕ್ಕೆಲ್ಲ ಆಧಾರ ‘ಸೀಕ್ವೆನ್ಸ್ 4ಎ’ ಎಂಬ ಒಂದು ಪರೀಕ್ಷೆ. ನಿಸಾನ್‌ನ 2.4 ಲೀಟರ್ ಎಂಜಿನ್ ಅನ್ನು 100 ಗಂಟೆ ಓಡಿಸಿ ಕ್ಯಾಮ್‌ಶಾಫ್ಟ್ ಎಷ್ಟು ಸವೆಯಿತು ಅಂತ ಅಳೆಯುತ್ತಾರೆ. ಆ ಕಾಲದ ಮಾನದಂಡದಲ್ಲಿ ಸರಾಸರಿ 90 ಮೈಕ್ರಾನ್ ಮೀರದಿದ್ದರೆ ಪಾಸ್. ಒಂದು ಉದಾಹರಣೆ ತಗೊಳ್ಳಿ: ಒಂದು ಆಯಿಲ್ 20 ಮೈಕ್ರಾನ್, ಇನ್ನೊಂದು 80 ಮೈಕ್ರಾನ್ ಅಂತಿಟ್ಟುಕೊಳ್ಳಿ. ನಾಲ್ಕು ಪಟ್ಟು ವ್ಯತ್ಯಾಸ, ಎರಡೂ ಪಾಸ್. ಅದೂ ಒಂದು ಎಂಜಿನ್‌ನ ಒಂದು ಭಾಗದ ಲೆಕ್ಕ. ಪಿಸ್ಟನ್, ಬೇರಿಂಗ್, ಟೈಮಿಂಗ್ ಚೈನ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಸವೆತ ತಡೆಯುವುದು ಬಹುಪಾಲು ಬೇಸ್ ಆಯಿಲ್ ಅಲ್ಲ, ಅದಕ್ಕೆ ಸೇರಿಸುವ ಅಡಿಟಿವ್. ಅದರಲ್ಲಿ ಮುಖ್ಯವಾದದ್ದು ಝಡ್‌ಡಿಡಿಪಿ, ಸತು ಮತ್ತು ರಂಜಕ ಇರುವ ಸಂಯುಕ್ತ. 1940ರ ದಶಕದಿಂದ ಬಳಕೆಯಲ್ಲಿದೆ, ಅಗ್ಗದ ಮಿನರಲ್ ಆಯಿಲ್‌ನಲ್ಲೂ ಇದೆ. ಹಾಗಂತ ಸುರಿದುಬಿಡೋಣ ಅಂದರೆ ರಂಜಕ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ, ಅದಕ್ಕೇ ಮಿತಿ ಹಾಕಿದ್ದಾರೆ. ಈಚಿನ ಸಣ್ಣ ಟರ್ಬೋ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ನೇ ಒಡೆಯುವ ಕಾಟ ಶುರುವಾದಾಗಲೂ ಎಷ್ಟೋ ಸಿಂಥೆಟಿಕ್‌ಗಳು ಅದನ್ನು ತಡೆಯಲಿಲ್ಲ. ಆಯಿಲ್‌ನ ಕಡೆಯಿಂದ ಮುಖ್ಯ ತಪ್ಪಿತಸ್ಥ ಅಡಿಟಿವ್‌ನಲ್ಲಿದ್ದ ಕ್ಯಾಲ್ಸಿಯಂ. ಅದನ್ನು ತಗ್ಗಿಸಿ ಮೆಗ್ನೀಸಿಯಂ ಹೆಚ್ಚಿಸಿದರು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಇದಕ್ಕೆ ಪರೀಕ್ಷೆಯೇ ಇದೆ.

ಹಾಗಾದರೆ ಸಿಂಥೆಟಿಕ್ ದಂಡವಾ? ಖಂಡಿತ ಅಲ್ಲ. ಬಿಸಿಗೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ತಣ್ಣಗಿದ್ದಾಗಲೂ ಬೇಗ ಹರಿದು ಮೇಲಿನ ಭಾಗಗಳನ್ನು ತಲುಪುತ್ತದೆ. ಮೈನಸ್ 30 ಡಿಗ್ರಿಯ ಲಾಭ ಬೆಂಗಳೂರಿನವರಿಗೆ ಬೇಕಿಲ್ಲ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಾಳಿಯಾಡದೆ ಕುದಿಯುವ ಎಂಜಿನ್‌ಗೆ ಬಿಸಿ ತಡೆಯುವ ಗುಣ ಬೇಕೇ ಬೇಕು. ಅಲ್ಲಿ ಓಡೋಮೀಟರ್ ನಿಂತಿರುತ್ತದೆ, ಎಂಜಿನ್ ನಿಂತಿರುವುದಿಲ್ಲ. ಆದ್ದರಿಂದ ಕಿಲೋಮೀಟರ್ ಆಗಿಲ್ಲ ಅಂತ ಮುಂದೂಡಬೇಡಿ. ಮ್ಯಾನ್ಯುಯಲ್‌ನಲ್ಲಿ ಬರೆದಿರುವ ತಿಂಗಳ ಲೆಕ್ಕವನ್ನೂ ನೋಡಿ, ಯಾವುದು ಮೊದಲೋ ಅದು.

ಕೊನೆಗೆ, ಗೆಳೆಯರಿಗೆ ನಾನು ಹೇಳುವುದು ಇಷ್ಟು. ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಮ್ಯಾನ್ಯುಯಲ್ 0ಡಬ್ಲ್ಯು-20 ಅಂದರೆ ಅದೇ ಹಾಕಿಸಿ, ‘ದಪ್ಪ ಇದ್ರೆ ಒಳ್ಳೇದು ಸಾರ್’ ಅನ್ನುವ ಮಾತಿಗೆ ತಲೆದೂಗಬೇಡಿ. ಎಪಿಐ ದರ್ಜೆ, ವಾಹನ ಕಂಪನಿ ಕೇಳಿದ ಅನುಮೋದನೆ ನೋಡಿ. ಗೇರ್ ಇರುವ ಬೈಕಾದರೆ ಸಾಮಾನ್ಯವಾಗಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಜಾಸೋ ಎಂಎ ಅಥವಾ ಎಂಎ2 ಗುರುತು ಇರಲೇಬೇಕು. ಎಷ್ಟೇ ದುಬಾರಿ ಕಾರ್ ಆಯಿಲ್ ಹಾಕಿದರೂ ಕ್ಲಚ್ ಜಾರಿದರೆ ಏನು ಬಂತು? ಇವಿಷ್ಟೂ ಹೊಂದಿದ ಎರಡು ಒಳ್ಳೆಯ ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವವನಿಗೂ ಬದಲಿಸದವನಿಗೂ ಇರುವ ವ್ಯತ್ಯಾಸವೇ ದೊಡ್ಡದು. ಆ ಮಾತನ್ನು ಯಾವ ಕಂಪನಿಯೂ ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಹಾಕುವುದಿಲ್ಲ.